ಗೋಡೆಯ ತುದಿಯಿಂದ ಪಾಸಿನ ದಾರಿಗೆ: ಕಾಲೇಜು ಫುಟ್‌ಬಾಲ್‌ನಲ್ಲಿ ಟೈಟ್ ಎಂಡ್ ಬಳಕೆಯ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕಾಲೇಜು ಫುಟ್‌ಬಾಲನ್ನು ಹೊಸದಾಗಿ ನೋಡುವವರ ಕಣ್ಣು ಮೊದಲು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ, ಆಮೇಲೆ ಅದನ್ನು ಹಿಡಿಯಲು ಮೈದಾನದ ಅಂಚಿನಲ್ಲಿ ಓಡುವ ವೈಡ್ ರಿಸೀವರ್‌ಗಳ ಮೇಲೆ ನೆಡುತ್ತದೆ. ಟೈಟ್ ಎಂಡ್ ಗಮನಕ್ಕೆ ಬರುವುದು ತಡವಾಗಿ. ಚೆಂಡನ್ನು ಕಾಯುವ ಐವರು ಬಲಿಷ್ಠರ ಗೋಡೆಯ ತುದಿಯಲ್ಲಿ ನಿಂತಿರುವ ಈತ ಒಂದು ಸಲ ಎದುರಾಳಿಯನ್ನು ಎದೆಗೆ ಎದೆಯೊಡ್ಡಿ ತಡೆಯುತ್ತಾನೆ, ಮರುಸಲ ಅದೇ ಜಾಗದಿಂದ ಹೊರಟು ಪಾಸ್ ಹಿಡಿಯುತ್ತಾನೆ. ನಮ್ಮವರಿಗೆ ಇದನ್ನು ತಿಳಿಸಲು ಕ್ರಿಕೆಟ್ಟೇ ಸುಲಭ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಕೀಪರ್ ಕೈಗವಸು ತೊಟ್ಟದ್ದರಿಂದ ಭಾರತಕ್ಕೆ ಇನ್ನೊಬ್ಬ ಬ್ಯಾಟರ್‌ನನ್ನು ಆಡಿಸಲು ಸಾಧ್ಯವಾಯಿತು. ಒಬ್ಬನೇ ಎರಡು ಕೆಲಸ ಮಾಡಿದರೆ ತಂಡಕ್ಕೆ ಸಿಗುವ ಲಾಭ ಅದು. ಆದರೆ ದ್ರಾವಿಡ್ ಯಾವಾಗ ಕೀಪರ್, ಯಾವಾಗ ಬ್ಯಾಟರ್ ಎಂಬುದು ಎದುರಾಳಿಗೆ ಗೊತ್ತಿರುತ್ತಿತ್ತು. ಟೈಟ್ ಎಂಡ್ ಈ ಸಲ ಯಾವ ಕೆಲಸಕ್ಕೆ ಹೊರಟಿದ್ದಾನೆ ಎಂಬುದು ಆಟ ಶುರುವಾದ ಮೇಲೂ ಒಂದು ಕ್ಷಣ ಎದುರಾಳಿಗೆ ತಿಳಿಯಬಾರದು. ಆ ಒಂದು ಕ್ಷಣವನ್ನು ಗಳಿಸುವುದು ಹೇಗೆ ಎಂಬುದನ್ನೇ ಮುಂದೆ ಹಂತಹಂತವಾಗಿ ವಿವರಿಸಲಾಗಿದೆ. ಆಕ್ರಮಣವನ್ನು ರೂಪಿಸುವ ತರಬೇತುದಾರನು ಯೋಚಿಸುವ ಕ್ರಮವನ್ನೇ ಇಲ್ಲಿ ಅನುಸರಿಸಿದ್ದೇನೆ; ಶನಿವಾರ ಟಿವಿಯ ಮುಂದೆ ಕೂರುವವರಿಗೂ ಅದೇ ಕ್ರಮ ಸಾಕು.

ಹಂತ 1: ನಿಲ್ಲುವ ಜಾಗವನ್ನು ನಿಯಮಕ್ಕೆ ಹೊಂದಿಸಿ

ಸ್ನ್ಯಾಪ್ ಆಗುವಾಗ, ಅಂದರೆ ಚೆಂಡು ಸೆಂಟರ್‌ನ ಕೈಯಿಂದ ಹಿಂದಕ್ಕೆ ಚಲಿಸುವಾಗ, ಚೆಂಡು ಇಟ್ಟ ಜಾಗದಲ್ಲಿ ಮೈದಾನಕ್ಕೆ ಅಡ್ಡಲಾಗಿ ಎಳೆದಂತೆ ಭಾವಿಸುವ ಗೆರೆಯ ಹಿಂದೆ ಇರುವವರು ನಾಲ್ವರನ್ನು ಮೀರುವಂತಿಲ್ಲ. ಹನ್ನೊಂದು ಮಂದಿಯಲ್ಲಿ ಉಳಿದ ಏಳು ಮಂದಿ ಗೆರೆಯ ಮೇಲೆಯೇ ಇರುತ್ತಾರೆ. ಆ ಏಳರಲ್ಲಿ ಎರಡು ತುದಿಗಳಲ್ಲಿರುವವರು ಮಾತ್ರ ಪಾಸ್ ಹಿಡಿಯಲು ಅರ್ಹರು, ಅದೂ ಅವರ ಅಂಗಿಯ ಸಂಖ್ಯೆ 50ರಿಂದ 79ರ ನಡುವೆ ಇಲ್ಲದಿದ್ದರೆ. ಟೈಟ್ ಎಂಡ್ ನಿಂತಿರುವ ಬದಿಯಲ್ಲಿಯೇ ಒಬ್ಬ ವೈಡ್ ರಿಸೀವರ್ ಕೂಡ ಗೆರೆಯ ಮೇಲೆ ಬಂದು ನಿಂತರೆ ತುದಿ ಅವನದಾಗುತ್ತದೆ, ಟೈಟ್ ಎಂಡ್ ಮುಚ್ಚಿಹೋಗುತ್ತಾನೆ, ಅವನಿಗೆ ಪಾಸ್ ಎಸೆಯುವಂತಿಲ್ಲ. ಆದ್ದರಿಂದ ಅದೇ ಬದಿಯ ರಿಸೀವರ್ ಒಂದು ಗಜ ಹಿಂದೆ ನಿಲ್ಲುವುದನ್ನು ರೂಢಿ ಮಾಡಿಸಬೇಕು. ಮೇಲ್ನೋಟಕ್ಕೆ ಇದು ಕ್ಷುಲ್ಲಕ ವಿಷಯ. ಆದರೆ ಒಳ್ಳೆಯ ಟಚ್‌ಡೌನ್‌ಗಳು, ಅಂದರೆ ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸಿ ಗಳಿಸುವ ಅಂಕಗಳು, ಈ ಒಂದು ಗಜದ ಅಜಾಗರೂಕತೆಯಿಂದ ರದ್ದಾಗುತ್ತವೆ.

ಟೈಟ್ ಎಂಡ್‌ಗೆ ನಾಲ್ಕು ಜಾಗಗಳನ್ನು ಕಲಿಸಿ: ಗೋಡೆಯ ಕೊನೆಯಾಳಾದ ಟ್ಯಾಕಲ್‌ನ ಭುಜಕ್ಕೆ ತಾಗುವಂತೆ ಗೆರೆಯ ಮೇಲೆ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಮತ್ತು ಹೊರಗೆ, ಅದಕ್ಕೆ ವಿಂಗ್ ಎನ್ನುತ್ತಾರೆ, ಗೋಡೆ ಮತ್ತು ಅಂಚಿನ ರಿಸೀವರ್ ನಡುವಿನ ಸ್ಲಾಟ್, ಹಾಗೂ ತೀರ ಅಂಚಿನಲ್ಲಿ, ವೈಡ್ ರಿಸೀವರ್‌ನಂತೆಯೇ. ಕೊನೆಯ ಜಾಗಕ್ಕೆ ಎಲ್ಲರೂ ಒದಗುವುದಿಲ್ಲ. 2020ರಲ್ಲಿ ಫ್ಲಾರಿಡಾದ ಕೈಲ್ ಪಿಟ್ಸ್ ಒದಗಿದ, ಎಂಟು ಪಂದ್ಯಗಳಲ್ಲಿ 12 ಟಚ್‌ಡೌನ್ ಗಳಿಸಿದ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮರುವರ್ಷ ನಾಲ್ಕನೆಯವನಾಗಿ ಆಯ್ಕೆಯಾದ. ಅಂಥವನು ಸಿಕ್ಕಾಗ ಅಂಚಿಗೆ ಕಳಿಸಿ, ಸಿಗದಿದ್ದಾಗ ಮೊದಲ ಮೂರು ಜಾಗಗಳಲ್ಲೇ ಕೆಲಸ ತೆಗೆಯಿರಿ.

ಹಂತ 2: ಮೈದಾನದ ಅಗಲವನ್ನು ಅಳೆದುಕೊಳ್ಳಿ

ಕಾಲೇಜು ಆಟವನ್ನು ಎನ್‌ಎಫ್‌ಎಲ್‌ನಿಂದ ಬೇರ್ಪಡಿಸುವ ಒಂದು ಅಳತೆ ಟೈಟ್ ಎಂಡ್‌ನ ಬದುಕನ್ನೇ ಬದಲಿಸುತ್ತದೆ. ಮೈದಾನದ ಅಗಲ ಎರಡರಲ್ಲೂ 160 ಅಡಿ. ಆದರೆ ಪ್ರತಿ ಆಟಕ್ಕೆ, ಅಂದರೆ ಸ್ನ್ಯಾಪ್‌ನಿಂದ ಶುರುವಾಗುವ ಒಂದೊಂದು ಯತ್ನಕ್ಕೆ, ಮುಂಚೆ ಚೆಂಡನ್ನು ಎಲ್ಲಿ ಇಡಬೇಕೆಂದು ನಿರ್ಧರಿಸುವ ಎರಡು ಹ್ಯಾಶ್ ಗುರುತುಗಳ ಅಂತರ ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ, ಕಾಲೇಜಿನಲ್ಲಿ 40 ಅಡಿ. ಹೀಗಾಗಿ ಹ್ಯಾಶ್ ಗುರುತಿನಲ್ಲಿ ಚೆಂಡಿದ್ದಾಗ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಬಯಲು ಉಳಿಯುತ್ತದೆ. ವಿಶಾಲವಾದ ಬದಿಗೆ ಮೂವರು ರಿಸೀವರ್‌ಗಳನ್ನು ಕಳಿಸಿ, ಕಿರಿದಾದ ಬದಿಯಲ್ಲಿ ಟೈಟ್ ಎಂಡ್‌ನನ್ನು ಒಂಟಿಯಾಗಿ ನಿಲ್ಲಿಸಿ ನೋಡಿ: ರಕ್ಷಣೆ ಮೂವರ ಕಡೆ ವಾಲಲೇಬೇಕು, ಕಿರಿದಾದ ಬದಿಯಲ್ಲಿ ಟೈಟ್ ಎಂಡ್‌ಗೆ ಒಬ್ಬನೇ ಎದುರಾಳಿ ಉಳಿಯುತ್ತಾನೆ. ವಾಲಲಿಲ್ಲವೆಂದರೆ ವಿಶಾಲ ಬದಿಯ ಮೂವರಲ್ಲಿ ಒಬ್ಬನಿಗೆ ಬಯಲು ಸಿಕ್ಕಿತೆಂದೇ ಅರ್ಥ.

ಹಂತ 3: ಪಾಸಿಗೆ ಮುಂಚೆ ತಡೆಯುವುದನ್ನು ಕಲಿಸಿ

ಇದು ತಲೆಕೆಳಗಾದ ಕ್ರಮವೆಂದು ತೋರಬಹುದು. ಪಾಸ್ ಹಿಡಿಯುವುದನ್ನು ಕಲಿಸಬೇಕಾದವನಿಗೆ ಮೊದಲು ತಡೆಯುವುದನ್ನೇಕೆ ಕಲಿಸಬೇಕು? ಏಕೆಂದರೆ ಎದುರಾಳಿಯ ಮುಂಚೂಣಿಯ ಹಿಂದೆ ನಿಂತ ರಕ್ಷಕ, ಅಂದರೆ ಲೈನ್‌ಬ್ಯಾಕರ್, ನೋಡುತ್ತಿರುವುದು ಟೈಟ್ ಎಂಡ್‌ನ ಮೊದಲ ಹೆಜ್ಜೆಯನ್ನು. ಆ ಹೆಜ್ಜೆ ಓಟದ ಆಟವನ್ನು, ಅಂದರೆ ಚೆಂಡು ಹೊತ್ತು ಓಡುವ ಆಟವನ್ನು, ಸೂಚಿಸಿದರೆ ಲೈನ್‌ಬ್ಯಾಕರ್ ಮುಂದಕ್ಕೆ ನುಗ್ಗುತ್ತಾನೆ, ಪಾಸನ್ನು ಸೂಚಿಸಿದರೆ ಹಿಂದಕ್ಕೆ ಸರಿಯುತ್ತಾನೆ. ತಡೆಯಲು ಬಾರದ ಟೈಟ್ ಎಂಡ್ ಮೈದಾನಕ್ಕಿಳಿದರೆ ಪಾಸ್ ಬರುತ್ತದೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಅವನು ನಿಧಾನಗತಿಯ ವೈಡ್ ರಿಸೀವರ್ ಅಷ್ಟೆ, ಬೇರೇನೂ ಅಲ್ಲ.

ಆದ್ದರಿಂದ ತಾಲೀಮಿನಲ್ಲಿ ಓಟದ ಆಟಕ್ಕೂ ಪಾಸಿಗೂ ಮೊದಲ ಎರಡು ಹೆಜ್ಜೆಗಳು ಒಂದೇ ಆಗಿರಬೇಕು. ನೆಲಕ್ಕೆ ಕೈಯೂರುವ ಭಂಗಿ, ತಲೆಯ ಎತ್ತರ, ಹೊರಗಿನ ಪಾದ ಇಡುವ ಕೋನ ಇವುಗಳಲ್ಲಿ ವ್ಯತ್ಯಾಸ ಕಾಣಬಾರದು. ಎದುರಿನ ತಂಡದ ಬಣ್ಣದ ಅಂಗಿ ತೊಡಿಸಿದ ಲೈನ್‌ಬ್ಯಾಕರ್‌ನನ್ನು ಎದುರು ನಿಲ್ಲಿಸಿ, ಎರಡನೆಯ ಹೆಜ್ಜೆಗೆ ಅವನು 'ಓಟ' ಅಥವಾ 'ಪಾಸ್' ಎಂದು ಕೂಗಲಿ; ಅವನ ಊಹೆ ಅರ್ಧಕ್ಕರ್ಧ ತಪ್ಪುವ ತನಕ ಅಭ್ಯಾಸ ನಡೆಯಲಿ. ಹೊರಡುವ ಕಲೆಗೆ ಕಾಲೇಜಿನಲ್ಲಿ ಇನ್ನೂ ಒಂದು ಕಾರಣವಿದೆ. ಎನ್‌ಎಫ್‌ಎಲ್‌ನಲ್ಲಿ ಐದು ಗಜ ದಾಟಿದ ರಿಸೀವರ್‌ನನ್ನು ರಕ್ಷಕ ತಳ್ಳುವಂತಿಲ್ಲ, ಕಾಲೇಜು ನಿಯಮದಲ್ಲಿ ಅಂಥ ಐದು ಗಜದ ಗೆರೆಯಿಲ್ಲ. ದಾರಿಯಲ್ಲಿ ಎರಡು ಮೂರು ಸಲ ಏಟು ತಿಂದೂ ದಾರಿ ಬಿಡದಿರುವುದನ್ನು ಟೈಟ್ ಎಂಡ್ ಕಲಿಯಬೇಕಾಗುತ್ತದೆ.

ಈ ಹಂತಕ್ಕೆ ಅಯೋವಾ ವಿಶ್ವವಿದ್ಯಾಲಯವೇ ಮಾದರಿ. 1999ರಿಂದ ಕರ್ಕ್ ಫೆರೆಂಟ್ಸ್ ನಡೆಸುತ್ತ ಬಂದ ಈ ತಂಡದ ಆಕ್ರಮಣ ನೋಡಲು ರೋಚಕವಲ್ಲ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಆದರೆ ಗೋಡೆಯ ತುದಿಯಲ್ಲಿ ಪಳಗಿದ ಟೈಟ್ ಎಂಡ್‌ಗಳು ಅಲ್ಲಿಂದ ಸಾಲುಗಟ್ಟಿ ಹೊರಬಂದಿದ್ದಾರೆ. 2018ರಲ್ಲಿ ಟಿ.ಜೆ. ಹಾಕನ್‌ಸನ್ ಮತ್ತು ನೋವಾ ಫ್ಯಾಂಟ್ ಒಟ್ಟಿಗೆ ಆಡಿದರು; ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ 2000ದಿಂದ ಕೊಡುತ್ತಿರುವ ಜಾನ್ ಮ್ಯಾಕಿ ಪ್ರಶಸ್ತಿ ಆ ವರ್ಷ ಹಾಕನ್‌ಸನ್‌ಗೆ ಬಂತು, 2019ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಇಬ್ಬರೂ ಆಯ್ಕೆಯಾದರು. ಅದೇ ವಿಶ್ವವಿದ್ಯಾಲಯದ ಜಾರ್ಜ್ ಕಿಟ್ಲ್ ತನ್ನ ಇಡೀ ಕಾಲೇಜು ಜೀವನದಲ್ಲಿ ಹಿಡಿದದ್ದು 48 ಪಾಸ್ ಮಾತ್ರ, ಡ್ರಾಫ್ಟ್‌ನಲ್ಲಿ ಐದನೆಯ ಸುತ್ತಿನವರೆಗೆ ಕಾದ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಕಾಲದ ಶ್ರೇಷ್ಠರಲ್ಲಿ ಒಬ್ಬನಾದ. ಅಯೋವಾ ಅವನಿಗೆ ತಡೆಯುವುದನ್ನು ಚೆನ್ನಾಗಿ ಕಲಿಸಿತು, ಅವನತ್ತ ಪಾಸ್ ಎಸೆಯುವುದನ್ನು ಮಾತ್ರ ಮರೆಯಿತು ಎಂದು ನನಗೆ ಅನಿಸುವುದುಂಟು.

ಹಂತ 4: ಎದುರಾಳಿಯ ಆಯ್ಕೆಯನ್ನು ನೀವೇ ಕಷ್ಟವಾಗಿಸಿ

ಆಕ್ರಮಣ ತಂಡವನ್ನು ಎರಡು ಅಂಕಿಗಳಿಂದ ಗುರುತಿಸುವ ರೂಢಿಯಿದೆ. ಮೊದಲ ಅಂಕಿ ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗಳ ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳದು. 11 ಪರ್ಸನೆಲ್ ಎಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ವೈಡ್ ರಿಸೀವರ್‌ಗಳು. 12 ಎಂದರೆ ಇಬ್ಬರು ಟೈಟ್ ಎಂಡ್‌ಗಳು. 12 ಬಂದಾಗ ರಕ್ಷಣೆಯ ತರಬೇತುದಾರ ಇಕ್ಕಟ್ಟಿಗೆ ಸಿಲುಕುತ್ತಾನೆ. ಮೂರನೆಯ ಲೈನ್‌ಬ್ಯಾಕರ್‌ನನ್ನು ಇಳಿಸಿದರೆ ಓಟವನ್ನು ತಡೆಯಬಹುದು, ಆದರೆ ಆ ಭಾರಿ ದೇಹ ಬಯಲಲ್ಲಿ ಟೈಟ್ ಎಂಡ್‌ನ ಹಿಂದೆ ಓಡಲಾರದು. ಪಾಸ್ ಕಾಯುವ ಡಿಫೆನ್ಸಿವ್ ಬ್ಯಾಕ್‌ಗಳಲ್ಲಿ ಐದನೆಯವನನ್ನು ಇಳಿಸಿದರೆ ಬಯಲು ಭದ್ರ, ಗೋಡೆಯ ಎದುರು ಮಾತ್ರ ಅವನು ಹಗುರ.

ಜಾರ್ಜಿಯಾ 2022ರಲ್ಲಿ ಈ ಇಕ್ಕಟ್ಟನ್ನೇ ಆಯುಧ ಮಾಡಿಕೊಂಡಿತು. ಟಾಡ್ ಮಾಂಕನ್ ರೂಪಿಸಿದ ಆಕ್ರಮಣದಲ್ಲಿ ಒಂದು ಕಡೆ ಬ್ರಾಕ್ ಬೌವರ್ಸ್, ಮನಸ್ಸು ಮಾಡಿದರೆ ಬ್ಯಾಕ್‌ನಂತೆ ಚೆಂಡು ಹೊತ್ತು ಓಡಬಲ್ಲವನು. ಇನ್ನೊಂದು ಕಡೆ 6 ಅಡಿ 7 ಅಂಗುಲ ಎತ್ತರದ ಡಾರ್ನೆಲ್ ವಾಷಿಂಗ್ಟನ್, ಆರನೆಯ ಗೋಡೆಯಾಳಿನಂತೆ ತಡೆಯಬಲ್ಲವನು. ಎದುರಾಳಿ ಹಗುರಾದಾಗ ವಾಷಿಂಗ್ಟನ್ ಬದಿಗೆ ಓಟ, ಭಾರವಾದಾಗ ಬೌವರ್ಸ್ ಸ್ಲಾಟ್‌ಗೆ. 2023ರ ಜನವರಿಯ ಅಂತಿಮ ಪಂದ್ಯದಲ್ಲಿ ಟಿಸಿಯು ತಂಡವನ್ನು 65-7ರಿಂದ ಮಣಿಸಿದಾಗ ಬೌವರ್ಸ್ ಒಬ್ಬನೇ 152 ಗಜ ಗಳಿಸಿದ್ದ.

ಇಲ್ಲಿ ಒಂದು ನಿಯಮವನ್ನು ಬಳಸಿಕೊಳ್ಳಬೇಕು. ಆಕ್ರಮಣ ತಂಡ ಆಟಗಾರರನ್ನು ಬದಲಿಸಿದರೆ ರಕ್ಷಣಾ ತಂಡಕ್ಕೂ ಬದಲಿಸಲು ಅವಕಾಶ ಕೊಡಲಾಗುತ್ತದೆ. ಬದಲಿಸದಿದ್ದರೆ ಚೆಂಡು ಸಿದ್ಧವಾದ ಕೂಡಲೇ ಮುಂದಿನ ಆಟ ಶುರು ಮಾಡಬಹುದು. ಆದ್ದರಿಂದ ಅದೇ ಹನ್ನೊಂದು ಮಂದಿಯನ್ನು ಇಟ್ಟುಕೊಂಡು, ಒಮ್ಮೆ ಇಬ್ಬರು ಟೈಟ್ ಎಂಡ್‌ಗಳನ್ನೂ ಗೋಡೆಗೆ ಅಂಟಿಸಿ, ಮರುಕ್ಷಣವೇ ಇಬ್ಬರನ್ನೂ ಬಯಲಿಗೆ ಹರಡಿ, ವಿರಾಮವಿಲ್ಲದೆ ಆಡಿ. ತಪ್ಪು ಆಳನ್ನು ಇಳಿಸಿದ ರಕ್ಷಣಾ ತರಬೇತುದಾರ ಅವನನ್ನು ಹೊರಗೆ ಕರೆಸಿಕೊಳ್ಳಲಾಗದೆ ಅಂಚಿನಲ್ಲಿ ನಿಂತು ಕೈಬೀಸುತ್ತಿರುತ್ತಾನೆ.

ಹಂತ 5: ನಾಲ್ಕು ದಾರಿಗಳನ್ನು ಕರಗತ ಮಾಡಿಸಿ

ಪುಸ್ತಕದಲ್ಲಿ ರೂಟ್‌ಗಳು, ಅಂದರೆ ಪಾಸ್ ಹಿಡಿಯಲು ಓಡುವ ದಾರಿಗಳು, ಎಷ್ಟಾದರೂ ಇರಲಿ, ಕಾಲೇಜು ಆಟಗಾರನಿಗೆ ವಾರದಲ್ಲಿ ತಾಲೀಮಿನ ಸಮಯ ಕಡಿಮೆ. ನಾಲ್ಕನ್ನು ಪೂರ್ತಿ ಕಲಿತವನು ಹದಿನಾಲ್ಕನ್ನು ಅರೆಬರೆ ಕಲಿತವನಿಗಿಂತ ಮೇಲು.

ಮೊದಲನೆಯದು ಸ್ಟಿಕ್. ಟೈಟ್ ಎಂಡ್ ಐದಾರು ಗಜ ನೇರ ಹೋಗಿ ಕಾಲೂರಿ ತಿರುಗುತ್ತಾನೆ; ಅದೇ ಬದಿಯಲ್ಲಿ ಮತ್ತೊಬ್ಬ ಅಂಚಿನತ್ತ ಅಡ್ಡಲಾಗಿ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ನೋಡಬೇಕಾದದ್ದು ಇಬ್ಬರ ನಡುವೆ ಸಿಕ್ಕಿಬಿದ್ದ ಒಬ್ಬ ರಕ್ಷಕನನ್ನು. ಅವನು ಅಂಚಿಗೆ ಓಡಿದರೆ ಪಾಸ್ ಟೈಟ್ ಎಂಡ್‌ಗೆ, ನಿಂತಲ್ಲೇ ನಿಂತರೆ ಅಂಚಿನವನಿಗೆ. ರಕ್ಷಣೆ ಝೋನ್ ಆಗಿದ್ದರೆ, ಅಂದರೆ ಪ್ರತಿಯೊಬ್ಬ ಒಂದೊಂದು ಜಾಗವನ್ನು ಕಾಯುತ್ತಿದ್ದರೆ, ಟೈಟ್ ಎಂಡ್ ಖಾಲಿ ಜಾಗದಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ಗೆ ಎದೆ ತೋರಿಸಬೇಕು. ಒಬ್ಬ ರಕ್ಷಕ ಅವನನ್ನೇ ಬೆನ್ನಟ್ಟುವ ಮ್ಯಾನ್ ಆಗಿದ್ದರೆ ನಿಲ್ಲದೆ ಹೊರಗೆ ಜಾರಬೇಕು. ಟೈಟ್ ಎಂಡ್‌ನ ಕಾಲು ನೆಲಕ್ಕೂರುವಾಗಲೇ ಚೆಂಡು ಕೈಬಿಡಬೇಕು. ಅವನು ತಿರುಗಿದ್ದನ್ನು ನೋಡಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಲೇ ತಡಮಾಡಿದ್ದಾನೆ.

ಎರಡನೆಯದು ಸೀಮ್, ಎರಡು ಕಾವಲುಗಳ ಹೊಲಿಗೆಯ ಗೆರೆಯಲ್ಲಿ ನೇರ ಓಟ. ಮೂರನೆಯದು ಕ್ರಾಸ್. ಇದರ ಇತಿಹಾಸ ಸ್ವಾರಸ್ಯಕರ. ಲವೆಲ್ ಎಡ್ವರ್ಡ್ಸ್ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಪಾಸಿನ ಆಟವನ್ನು ಹ್ಯಾಲ್ ಮಮ್ಮಿ ಮತ್ತು ಮೈಕ್ ಲೀಚ್ ಅಭ್ಯಸಿಸಿ, ಏರ್ ರೇಡ್ ಎಂಬ ತಮ್ಮದೇ ಪದ್ಧತಿಯನ್ನು ಕಟ್ಟಿದರು. ಅದರ ಪ್ರಸಿದ್ಧ ಪಟ್ಟಿನ ಹೆಸರೇ ವೈ-ಕ್ರಾಸ್, ವೈ ಎಂದರೆ ಟೈಟ್ ಎಂಡ್‌ನ ಅಕ್ಷರ. ಕಾಲಕ್ರಮದಲ್ಲಿ ಆ ತಂಡಗಳು ಟೈಟ್ ಎಂಡ್‌ನನ್ನು ಬಿಟ್ಟು ಸಣ್ಣ ರಿಸೀವರ್‌ನನ್ನು ಆ ಜಾಗಕ್ಕೆ ತಂದವು, ಅಕ್ಷರ ಮಾತ್ರ ಉಳಿಯಿತು. ಕ್ರಾಸ್ ಓಡುವ ಸೂತ್ರ ಇಷ್ಟೆ: ಹತ್ತಿರದ ಲೈನ್‌ಬ್ಯಾಕರ್‌ನ ಮುಂದಿನಿಂದ ಹಾದು, ನಡುವಿನ ಲೈನ್‌ಬ್ಯಾಕರ್‌ನ ಹಿಂದಿನಿಂದ ಏರುತ್ತ, ಎದುರು ಬದಿಯಲ್ಲಿ ಸುಮಾರು ಇಪ್ಪತ್ತು ಗಜದ ಆಳಕ್ಕೆ ತಲುಪುವುದು. ದಾರಿಯಲ್ಲಿ ಖಾಲಿ ಜಾಗ ಸಿಕ್ಕರೆ ಅಲ್ಲೇ ನಿಧಾನಿಸಬಹುದು, ಮ್ಯಾನ್ ಆಗಿದ್ದರೆ ಓಡುತ್ತಲೇ ಇರಬೇಕು.

ನಾಲ್ಕನೆಯದು ಕಾರ್ನರ್: ಹತ್ತು ಹನ್ನೆರಡು ಗಜ ನೇರ ಹೋಗಿ ಮೈದಾನದ ಮೂಲೆಯತ್ತ ಮುರಿಯುವುದು. ಅಂಚಿನ ರಿಸೀವರ್ ಐದು ಗಜದಲ್ಲಿ ನಿಂತು ಆ ಅಂಚನ್ನು ಕಾಯುವ ಕಾರ್ನರ್‌ಬ್ಯಾಕ್‌ನನ್ನು ಕೆಳಗೆ ಸೆಳೆದಿಟ್ಟರೆ ಅವನ ತಲೆಯ ಮೇಲಿನ ಜಾಗ ಟೈಟ್ ಎಂಡ್‌ಗೆ ತೆರೆದುಕೊಳ್ಳುತ್ತದೆ.

ಹಂತ 6: ಸೇಫ್ಟಿಗಳನ್ನು ಇಬ್ಬರೂ ಒಂದೇ ಕಣ್ಣಿನಿಂದ ಓದಲಿ

ಸೀಮ್ ಓಟದ ಗುಟ್ಟು ಇರುವುದು ಇಲ್ಲಿ. ಸ್ನ್ಯಾಪ್ ಆದ ಮೇಲೆ ಆಳದಲ್ಲಿ ನಡುವೆ ಒಬ್ಬನೇ ಸೇಫ್ಟಿ, ಅಂದರೆ ತೀರ ಹಿಂದೆ ನಿಂತು ಕಾಯುವ ರಕ್ಷಕ, ಇದ್ದಾನೋ, ಇಬ್ಬರು ಇಬ್ಬದಿಗೆ ಹಂಚಿಕೊಂಡಿದ್ದಾರೋ ಎಂಬುದನ್ನು ಟೈಟ್ ಎಂಡ್ ಓಡುತ್ತಲೇ ನೋಡಬೇಕು. ಒಬ್ಬನೇ ಇದ್ದರೆ ನಡುವಿನ ಬಾಗಿಲು ಮುಚ್ಚಿದೆ. ಟೈಟ್ ಎಂಡ್ ಒಳಗೆ ಬಾಗದೆ ತನ್ನ ಗೆರೆಯಲ್ಲೇ ಉಳಿಯಬೇಕು, ಇನ್ನೊಂದು ಬದಿಯ ಸೀಮ್‌ನಲ್ಲಿ ಮತ್ತೊಬ್ಬ ಓಡಬೇಕು. ಒಂಟಿ ಸೇಫ್ಟಿ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಆರಿಸಿಕೊಳ್ಳಬಲ್ಲ, ಕ್ವಾರ್ಟರ್‌ಬ್ಯಾಕ್ ಕಣ್ಣಿನಿಂದ ಅವನನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಎಸೆಯುತ್ತಾನೆ. ಇಬ್ಬರಿದ್ದರೆ ನಡುವಿನ ಬಾಗಿಲು ತೆರೆದಿದೆ. ಟೈಟ್ ಎಂಡ್ ಇಬ್ಬರ ನಡುವೆ, ಲೈನ್‌ಬ್ಯಾಕರ್‌ನ ಬೆನ್ನ ಹಿಂದೆ ಬಾಗಿ ಹೋಗಬೇಕು.

ಇಬ್ಬರ ಓದು ಬೇರೆಯಾದರೆ ಚೆಂಡು ಯಾರೂ ಇಲ್ಲದ ಜಾಗಕ್ಕೆ ಬೀಳುತ್ತದೆ, ಇಲ್ಲವೇ ಸೇಫ್ಟಿಯ ಕೈಗೆ. ಆದ್ದರಿಂದ ವಿಡಿಯೊ ನೋಡುವಾಗ ಕ್ವಾರ್ಟರ್‌ಬ್ಯಾಕ್ ಮತ್ತು ಟೈಟ್ ಎಂಡ್ ಅಕ್ಕಪಕ್ಕ ಕೂತು, ಚಿತ್ರವನ್ನು ಸ್ನ್ಯಾಪ್‌ನಲ್ಲಿ ನಿಲ್ಲಿಸಿ, 'ತೆರೆದಿದೆ', 'ಮುಚ್ಚಿದೆ' ಎಂದು ಗಟ್ಟಿಯಾಗಿ ಹೇಳಲಿ. 2022ರ ಅಕ್ಟೋಬರ್‌ನಲ್ಲಿ ಯೂಟಾ ತಂಡ ಯುಎಸ್‌ಸಿಯನ್ನು 43-42ರಿಂದ ಸೋಲಿಸಿದ ರಾತ್ರಿ ಡಾಲ್ಟನ್ ಕಿನ್‌ಕೇಡ್ 16 ಪಾಸ್ ಹಿಡಿದು 234 ಗಜ ಗಳಿಸಿದ. ಅಂಥ ಲೆಕ್ಕ ಬರೀ ವೇಗದಿಂದ ಹುಟ್ಟುವುದಿಲ್ಲ; ಎಸೆಯುವವನೂ ಹಿಡಿಯುವವನೂ ಒಂದೇ ಚಿತ್ರ ನೋಡುತ್ತಿದ್ದರೆ ಮಾತ್ರ ಹುಟ್ಟುತ್ತದೆ.

ಹಂತ 7: ಓಟದ ವೇಷದಲ್ಲಿ ಪಾಸ್

ಮೂರನೆಯ ಹಂತದಲ್ಲಿ ಪಟ್ಟ ಶ್ರಮಕ್ಕೆ ಪ್ರತಿಫಲ ಸಿಗುವುದು ಇಲ್ಲಿ. ಪ್ಲೇ ಆಕ್ಷನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಬ್ಯಾಕ್‌ಗೆ ಕೊಟ್ಟಂತೆ ನಟಿಸಿ ತಾನೇ ಇಟ್ಟುಕೊಳ್ಳುತ್ತಾನೆ. ಇಡೀ ಗೋಡೆ ಬಲಕ್ಕೆ ಹರಿಯುವಾಗ ಟೈಟ್ ಎಂಡ್ ಅದರೊಂದಿಗೆ ಎರಡು ಹೆಜ್ಜೆ ಹರಿದು, ಆಮೇಲೆ ಲೈನ್‌ಬ್ಯಾಕರ್‌ಗಳ ಬೆನ್ನ ಹಿಂದೆ ನುಸುಳಿ ಎಡಕ್ಕೆ ದಾಟುತ್ತಾನೆ, ಕ್ವಾರ್ಟರ್‌ಬ್ಯಾಕ್ ಕೂಡ ಎಡಕ್ಕೇ ಓಡಿ ಬಂದು ಎಸೆಯುತ್ತಾನೆ. ಇನ್ನೂ ಧೂರ್ತವಾದದ್ದು ಲೀಕ್: ಟೈಟ್ ಎಂಡ್ ನಿಜವಾಗಿಯೇ ತಡೆಯಲು ನಿಂತು, ಎಲ್ಲರೂ ಅವನನ್ನು ಮರೆತ ಮೇಲೆ ಒಂಟಿಯಾಗಿ ಜಾರಿಕೊಳ್ಳುವುದು. ಇದನ್ನು ಪಂದ್ಯಕ್ಕೆ ಒಂದು ಸಲಕ್ಕಿಂತ ಹೆಚ್ಚು ಬಳಸಬಾರದು.

ಕಾಲೇಜು ತಂಡಗಳಿಗೆ ಇನ್ನೊಂದು ಅನುಕೂಲವಿದೆ. ಪಾಸ್ ಹೊರಡುವ ಮುನ್ನ ಗೋಡೆಯಾಳುಗಳು ಗೆರೆ ದಾಟಿ ಮೂರು ಗಜದವರೆಗೆ ಮುಂದೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಈ ಎರಡು ಗಜದ ಉದಾರತೆಯ ಮೇಲೆ ಆರ್‌ಪಿಒ (ರನ್-ಪಾಸ್ ಆಪ್ಷನ್, ಓಟವೋ ಪಾಸೋ ಎಂಬ ಆಯ್ಕೆ) ಎಂಬ ಇಡೀ ವಿದ್ಯೆ ನಿಂತಿದೆ. ಗೋಡೆ ನಿಜವಾದ ಓಟಕ್ಕೇ ತಡೆಯುತ್ತದೆ, ಟೈಟ್ ಎಂಡ್ ಮಾತ್ರ ಸೀಮ್‌ನಲ್ಲಿ ಹೊರಡುತ್ತಾನೆ, ಕ್ವಾರ್ಟರ್‌ಬ್ಯಾಕ್ ಒಬ್ಬ ಲೈನ್‌ಬ್ಯಾಕರ್‌ನನ್ನು ನೋಡುತ್ತಾನೆ. ಅವನು ಓಟದತ್ತ ನುಗ್ಗಿದರೆ ಚೆಂಡು ಅವನ ತಲೆಯ ಹಿಂದಿನ ಟೈಟ್ ಎಂಡ್‌ಗೆ, ಹಿಂದೆ ಸರಿದರೆ ಬ್ಯಾಕ್‌ನ ಹೊಟ್ಟೆಗೆ. ಇಲ್ಲಿ ಎಚ್ಚರಿಕೆ ಒಂದೇ: ಕ್ವಾರ್ಟರ್‌ಬ್ಯಾಕ್ ಅರೆಕ್ಷಣ ಅನುಮಾನಿಸಿದರೂ ಗೋಡೆಯಾಳು ಮೂರು ಗಜ ದಾಟಿರುತ್ತಾನೆ, ದಂಡ ಬೀಳುತ್ತದೆ.

ಹಂತ 8: ಯಾವಾಗ ಕಳಿಸಬಾರದು

ಎದುರಾಳಿಯ ಅಂಚಿನ ದಾಳಿಕೋರ ನಿಮ್ಮ ಟ್ಯಾಕಲ್‌ಗಿಂತ ಬಲಿಷ್ಠನಾಗಿದ್ದರೆ ಟೈಟ್ ಎಂಡ್ ಹೊರಡುವ ಮುನ್ನ ಅವನಿಗೊಂದು ಭುಜದೇಟು ಕೊಟ್ಟು ಹೋಗಲಿ. ಆರು ಮಂದಿ ನುಗ್ಗುವ ಸೂಚನೆ ಕಂಡರೆ ಅವನು ಉಳಿಯಲೇಬೇಕು. ನಾಲ್ವರೇ ಮುಂದೆ ಓಡುತ್ತಾರೆ ಎಂದು ಬೇಸರಪಡಬೇಕಿಲ್ಲ. ಕ್ವಾರ್ಟರ್‌ಬ್ಯಾಕ್ ಬೆನ್ನಮೇಲೆ ಬಿದ್ದಿದ್ದರೆ ಐದನೆಯವನು ಎಷ್ಟು ಬಯಲಲ್ಲಿದ್ದರೇನು.

ಹಂತ 9: ಎಂಡ್ ಝೋನ್ ಹತ್ತಿರವಾದಾಗ

ಕೊನೆಯ ಹತ್ತು ಗಜದಲ್ಲಿ ಆಳ ಕುಗ್ಗುತ್ತದೆ, ಗೋಲಿನ ಗೆರೆಯಾಚೆಗಿನ ಎಂಡ್ ಝೋನ್‌ನ ಹತ್ತು ಗಜ ಸೇರಿಸಿದರೂ ಇಪ್ಪತ್ತೇ ಗಜ. ವೇಗಕ್ಕೆ ಬೆಲೆ ಇಳಿಯುತ್ತದೆ, ಎತ್ತರಕ್ಕೂ ಮೈಕಟ್ಟಿಗೂ ಏರುತ್ತದೆ. ಚೆಂಡನ್ನು ಟೈಟ್ ಎಂಡ್ ಮಾತ್ರ ಮುಟ್ಟಬಲ್ಲ ಎತ್ತರಕ್ಕೆ, ರಕ್ಷಕನ ಮೈ ಅವನ ಬೆನ್ನ ಹಿಂದಿರುವಂತೆ ಎಸೆಯುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು. ಒಂದು ಗಜ ಉಳಿದಾಗ ಎಲ್ಲರೂ ಓಟವನ್ನೇ ನಿರೀಕ್ಷಿಸುತ್ತಾರೆ. 2006ರಲ್ಲಿ ಎಲ್‌ಎಸ್‌ಯು ವಿರುದ್ಧ ಫ್ಲಾರಿಡಾದ ಟಿಮ್ ಟೀಬೋ ಗೋಡೆಯತ್ತ ಓಡಿ ಬಂದು, ರಕ್ಷಕರೆಲ್ಲ ತನ್ನ ಮೇಲೆ ಮುಗಿಬೀಳುವಾಗ ಜಿಗಿದು, ಟೈಟ್ ಎಂಡ್ ಟೇಟ್ ಕೇಸಿಗೆ ಚೆಂಡನ್ನು ಹಗುರಾಗಿ ದಾಟಿಸಿದ. ಆ ವರ್ಷ ಟೀಬೋ ಮೈದಾನಕ್ಕಿಳಿದರೆ ಓಟ ಎಂದೇ ಎಲ್ಲರೂ ನಂಬಿದ್ದರಿಂದ ಆ ಪಟ್ಟು ಫಲಿಸಿತು.

ಮೊದಲ ಹಂತದ ನಿಯಮವನ್ನು ಪೂರ್ತಿ ಅರಗಿಸಿಕೊಂಡ ತಂಡ ಎಲ್ಲಿಯವರೆಗೆ ಹೋಗಬಹುದೆಂಬುದನ್ನು 2024ರ ಅಕ್ಟೋಬರ್ 12ರಂದು ಪೆನ್ ಸ್ಟೇಟ್ ತೋರಿಸಿತು. ಯುಎಸ್‌ಸಿ ವಿರುದ್ಧದ ಆ ಪಂದ್ಯದಲ್ಲಿ ಟೈಟ್ ಎಂಡ್ ಟೈಲರ್ ವಾರೆನ್ ಹಿಡಿದದ್ದು 17 ಪಾಸ್, ಗಳಿಸಿದ್ದು 224 ಗಜ. ಒಂದು ಆಟದಲ್ಲಿ ಅವನು ಸೆಂಟರ್‌ನ ಜಾಗದಲ್ಲೇ ಬಗ್ಗಿ ನಿಂತಿದ್ದ. ಗೋಡೆಯ ಉಳಿದವರೆಲ್ಲ ಒಂದೇ ಬದಿಗೆ ಸಾಲುಗಟ್ಟಿದ್ದರಿಂದ ಸಾಲಿನ ತುದಿ ಅವನದೇ ಆಗಿತ್ತು, ಅಂಗಿಯ ಮೇಲಿದ್ದ ಸಂಖ್ಯೆ 44. ನಿಯಮದ ಪ್ರಕಾರ ಅವನು ಪಾಸ್ ಹಿಡಿಯಲು ಅರ್ಹ. ಚೆಂಡನ್ನು ಹಿಂದಕ್ಕೆ ಸ್ನ್ಯಾಪ್ ಮಾಡಿದವನೇ ಎದ್ದು ಓಡಿ, 32 ಗಜದ ಪಾಸನ್ನು ಎಂಡ್ ಝೋನ್‌ನಲ್ಲಿ ಹಿಡಿದ.